ರಿಯೋಹಾದ ಬಂಡಿದಾರಿ, ನಮ್ಮ ಬಂಡಿದಾರಿ

ಚಾಟ್ನಿ ಮುಗಿದೈತಿ, ಕಣ್ಣು ಒಡೆಯೋ ತನಕ ನಾಲ್ಕು ದಿನ ಕೈ ಬಿಡುವು. ಹಿಂಗಾಗಿ ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದನ್ನು ಇವತ್ತು ಬರೀತೀನಿ. ಉದ್ದ ಆಗ್ತದ, ಚಹಾ ಕುಡೀತ ಓದ್ರಿ.

ಮೊನ್ನೆ ಬೆಂಗಳೂರಿನಿಂದ ಇಬ್ಬರು ಹುಡುಗರು ಫೋನ್ ಮಾಡಿದ್ರು. ಸ್ಪೇನ್ ದೇಶದ ದ್ರಾಕ್ಷಿ ಸೀಮೆಯಲ್ಲಿ ಸೈಕಲ್ ಹೊಡಿಯಾಕ ಹೊಂಟಾರಂತ, ನಾನು ಹೋಗಿ ಬಂದ ಸುದ್ದಿ ಯಾರೋ ಹೇಳ್ಯಾರ. "ಅಂಕಲ್, ಗದ್ದಲ ಇಲ್ಲದ ರಸ್ತೆ ಯಾವುದು, ಅಷ್ಟೇ ಹೇಳಿ ಸಾಕು" ಅಂದ್ರು. ರಸ್ತೆ ಹೆಸರು ಹೇಳಿದೆ, ಬರಕೊಂಡ್ರು, ಫೋನ್ ಇಟ್ರು. ಆದ್ರ ಆ ರಸ್ತೆಗಳಿಗೆ ಗದ್ದಲ ಯಾಕ ಇಲ್ಲ ಅನ್ನೋದನ್ನ ಅವರು ಕೇಳಲಿಲ್ಲ. ನನಗೆ ಹೇಳಬೇಕಾಗಿದ್ದು ಅದೇ.

ನಾನು ಪ್ರವಾಸಕ್ಕೆ ಹೋದವನಲ್ಲ. ಹೋದ ವರ್ಷ ಮಗಳ ಬಾಣಂತನಕ್ಕೆ ನಮ್ಮ ಮನಿಯಾಕಿ ಜೋಡಿ ಹೋದವ. ಅಳಿಯ ವಿತೋರಿಯಾ ಅನ್ನೋ ಊರಲ್ಲಿ ಇಂಜಿನಿಯರ್. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ ಇರ್ತದ ಹೇಳ್ರಿ. ಅಜವಾನದ ಹೊಗೆ ಹಾಕೋರು ಅವರು, ಕೂಸಿಗೆ ಎಣ್ಣೆ ಹಚ್ಚೋರು ಅವರು. ನಾನು ಕಿಟಕಿ ಹಿಡಿದು ನಿಲ್ಲೋದು ನೋಡಿ ಮೂರನೇ ದಿನ ಅಳಿಯ ಅಂದ, "ಮಾಮಾರ, ಮನ್ಯಾಗ ಎರಡು ಸೈಕಲ್ ಅದಾವ್ರಿ. ಶನಿವಾರ ಗುಡ್ಡದ ಆಚೆ ದ್ರಾಕ್ಷಿ ತೋಟ ನೋಡ್ಕೊಂಡು ಬರೋಣ." ದ್ರಾಕ್ಷಿ ಅಂದಕೂಡಲೇ ನಾನು ಎದ್ದೆ. ಎಸ್ಸೆಸ್ಸೆಲ್ಸಿ ಮುಗಿದ ದಿನದಿಂದ ಇವತ್ತಿನ ತನಕ ನಾನು ಹೊಲಕ್ಕೆ ಸೈಕಲ್ ಮ್ಯಾಲೇ ಹೋಗಿ ಬಂದವನು. ಮೋಟಾರ್ ಸೈಕಲ್ ಐತಿ, ಅದು ತಿಕೋಟಾಕ್ಕೆ, ಬ್ಯಾಂಕಿಗೆ.

ವಿತೋರಿಯಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಘಾಟ್ ಹತ್ತಿ ಇಳಿದರೆ ರಿಯೋಹಾ ಸೀಮೆ. ಬೆನ್ನಿಗೆ ಸಿಯೆರ್ರಾ ದೆ ಕಾಂತಾಬ್ರಿಯಾ ಅನ್ನೋ ಕಲ್ಲುಗುಡ್ಡದ ಗೋಡೆ, ಮುಂದೆ ಇಳಿಜಾರು, ಇಳಿಜಾರಿನ ಕೆಳಗೆ ಎಬ್ರೊ ನದಿ. ಉತ್ತರದ ತಂಪು ಮೋಡವನ್ನು ಗುಡ್ಡ ತಡೆಯುತ್ತದೆ. ಹಂಗಾಗಿ ಆಚೆ ಹಸಿರು ಹುಲ್ಲು, ಈಚೆ ಒಣ ಬಿಳಿ ಮಣ್ಣು. ಮಳೆ ನಮ್ಮ ವಿಜಯಪುರಕ್ಕಿಂತ ಹೆಚ್ಚೇನಿಲ್ಲ. ಆದ್ರ ಚಳಿಗಾಲ ಹಲ್ಲು ಕಡಿಯೋದು, ಗಿಡ ಪೂರಾ ಮಲಗಿಬಿಡ್ತದ. ನಮ್ಮಂಗ ಏಪ್ರಿಲ್‌ನಾಗ ಒಂದು, ಅಕ್ಟೋಬರ್‌ನಾಗ ಒಂದು ಅಂತ ಎರಡು ಚಾಟ್ನಿ ಇಲ್ಲ. ಚಳಿಗಾಲದಾಗ ಒಂದೇ.

ನಾವು ಸೈಕಲ್ ಇಳಿಸಿದ್ದು ಲಾಗುವಾರ್ದಿಯಾ ಅನ್ನೋ ಕೋಟೆ ಊರಿನ ಕೆಳಗೆ. ಕೋಟೆ ಒಳಗೆ ಕಾರು ಬಿಡೋದಿಲ್ಲ. ನೆಲದ ಕೆಳಗೆಲ್ಲ ಹಳೇ ವೈನ್ ನೆಲಮಾಳಿಗೆ ಕೊರೆದಾರ, ಮೇಲೆ ಭಾರ ಬಿದ್ರೆ ಕುಸಿದೀತು ಅಂತ. ಅಲ್ಲಿಂದ ಎಲ್ಸಿಯೇಗೊ, ಬಾನ್ಯೊಸ್ ದೆ ಎಬ್ರೊ, ವಿಯಾಬುಯೇನಾ, ಸಮಾನಿಯೇಗೊ, ಆಬಾಲೋಸ್, ಕೊನೆಗೆ ಸಾನ್ ವಿಸೆಂತೆ. ಒಂದೂರು ಬಿಟ್ಟು ಇನ್ನೊಂದೂರು ನಾಲ್ಕೈದು ಕಿಲೋಮೀಟರ್. ಏರು ಇಳಿವು ಐತಿ, ಐವತ್ತು ದಾಟಿದ ಮೊಣಕಾಲಿಗೂ ನಡೀತದ. ಸಾನ್ ವಿಸೆಂತೆಯಲ್ಲಿ ಹಳೇ ಕಲ್ಲಿನ ಸೇತುವೆ, ಅಲ್ಲಿ ಎಬ್ರೊ ದಾಟಿದರೆ ಗುಡ್ಡದ ಮೇಲೆ ಬ್ರಿಯೋನೆಸ್. ಲಾರಿ ಕಾರು ಎಲ್ಲ ನದಿಯ ಆಚೆ ದೊಡ್ಡ ಹೆದ್ದಾರಿ ಮ್ಯಾಲೆ ಹೋಗ್ತಾವ. ಆ ಎನ್-232 ಹೆದ್ದಾರಿ ಮಾತ್ರ ಸೈಕಲ್ಲಿಗೆ ಬ್ಯಾಡ. ಊರಿಂದ ಊರಿಗಿನ ಸಣ್ಣ ಡಾಂಬರು ರಸ್ತೆಯಲ್ಲಿ ಅರ್ಧ ತಾಸಿಗೆ ನಾಲ್ಕು ಗಾಡಿ ಕಂಡರೆ ಹೆಚ್ಚು.

ಎಲ್ಸಿಯೇಗೊದಲ್ಲಿ ಒಂದು ಹೋಟೆಲ್ ಐತಿ, 2006ರಲ್ಲಿ ಆಗಿದ್ದು, ಫ್ರಾಂಕ್ ಗೆಹ್ರಿ ಅನ್ನೋ ಹೆಸರಾಂತ ವಾಸ್ತುಶಿಲ್ಪಿ ಮಾಡಿದ್ದು. ಮದುವೆ ಚಪ್ಪರ ಗಾಳಿಗೆ ಹಾರಿ ಗಿಡಕ್ಕೆ ಸಿಕ್ಕಂಗ ಕಾಣ್ತದ, ಬಣ್ಣಬಣ್ಣದ ತಗಡು. ಬಂದವರೆಲ್ಲ ಅದರ ಮುಂದೇ ನಿಂತು ಫೋಟೋ ಹೊಡ್ಕೋತಾರ. ನನ್ನ ಮಾತು ಕೇಳೋದಾದರೆ ಅದಕ್ಕೆ ಬೆನ್ನು ಮಾಡಿ ನಿಲ್ಲಿ. ಎದುರಿಗೆ ಕಾಣೋ ಗಿಡ ನೋಡಿ.

ತಂತಿ ಇಲ್ಲ, ಆ್ಯಂಗಲ್ ಇಲ್ಲ, ಚಪ್ಪರ ಇಲ್ಲ. ಮೊಣಕಾಲೆತ್ತರದ ದಪ್ಪ ಬೊಡ್ಡೆ, ಅದರಿಂದ ಮೂರು ನಾಲ್ಕು ತೋಳು ಮೇಲಕ್ಕೆ. ಲೋಟದ ಆಕಾರ, ಅದಕ್ಕೇ ಅವರ ಭಾಷೆಯಲ್ಲಿ 'ವಾಸೊ' ಅಂತಾರ, ಲೋಟ ಅಂತಲೇ ಅರ್ಥ. ಅಜ್ಜನ ಕಾಲದ ಗಿಡ ಇನ್ನೂ ಕಾಯಿ ಕೊಡ್ತಾವ. ಹೊಸ ತೋಟಗಳಲ್ಲಿ ತಂತಿ ಬಂದೈತಿ, ಮಷೀನ್ ಕೊಯ್ಲಿಗೆ. ತಳಿ ಹೆಚ್ಚಿನದು ತೆಂಪ್ರಾನಿಯೊ, ಕಪ್ಪು, ಸಣ್ಣ ಕಾಯಿ. ಬೇರು ಮಾತ್ರ ಅಮೆರಿಕದ್ದು. 1899ರ ಸುಮಾರಿಗೆ ಫೈಲಾಕ್ಸೆರಾ ಅನ್ನೋ ಬೇರುಹೇನು ಆ ಸೀಮೆಗೆ ಬಂದು ತೋಟ ತಿಂದುಹಾಕಿತು. ಆಮೇಲೆ ಅಮೆರಿಕದ ಬೇರಿನ ಮೇಲೆ ಕಸಿ. ನಾವು ಡಾಗ್ರಿಜ್ ಮೇಲೆ ಥಾಮ್ಸನ್ ಕಟ್ಟೋ ಹಂಗ. ಮಣ್ಣು ಬೇರೆ, ಭಾಷೆ ಬೇರೆ, ಬೇರಿನ ಕಥೆ ಒಂದೇ ಅಂತ ಅಳಿಯನಿಗೆ ಅಂದೆ. ಅವನಿಗೆ ಅದರಲ್ಲಿ ಅಷ್ಟು ಆಸಕ್ತಿ ಕಾಣಲಿಲ್ಲ ಬಿಡ್ರಿ.

ನನ್ನ ತಲೆ ಕೆಡಿಸಿದ್ದು ಇನ್ನೊಂದು. ಅಲ್ಲಿ ಕಪ್ಪು ದ್ರಾಕ್ಷಿ ಹೆಕ್ಟೇರಿಗೆ 6,500 ಕೆಜಿ ಮೀರಂಗಿಲ್ಲ, ಬಿಳಿಗೆ 9,000. ರಿಯೋಹಾ ಹೆಸರಿನ ಮಂಡಳಿಯ ಕಾನೂನು ಅದು. ಅಂದ್ರ ಎಕರೆಗೆ ಇಪ್ಪತ್ತಾರು ಕ್ವಿಂಟಲ್! ನಾವು ಎಕರೆಗೆ ಹತ್ತು ಟನ್ ಬರಲಿಲ್ಲ ಅಂದ್ರ ಔಷಧಿ ಅಂಗಡಿಯವನ ಜೋಡಿ ಜಗಳಾಡ್ತೀವಿ. ಪ್ರತಿ ರೈತನಿಗೂ ಒಂದು ಕಾರ್ಡು, ಟ್ರೇಲರ್ ತೂಕಕ್ಕೆ ನಿಂತಾಗ ಅದರಲ್ಲಿ ಲೆಕ್ಕ ಇಳೀತದ. ನಮಗೆ ಇದು ಬೇಕು ಅಂತ ನಾನು ಹೇಳೋದಿಲ್ಲ, ಮಣೂಕ ಬೇರೆ, ವೈನ್ ಬೇರೆ. ಆದ್ರ ಕಡಿಮೆ ಬೆಳೆಯೋದೂ ಒಂದು ಶಿಸ್ತು ಅಂತ ಮೊದಲ ಸಲ ಕಂಡೆ. (ವೈನ್ ರುಚಿ ನನಗೆ ಕೇಳಬ್ಯಾಡ್ರಿ. ಅಲ್ಲಿ ಹೋಟೆಲ್‌ನಾಗ 'ಮೋಸ್ತೊ' ಅಂತ ಕೇಳಿದ್ರ ಹುಳಿ ಬರಿಸದ ದ್ರಾಕ್ಷಿ ರಸ ಕೊಡ್ತಾರ. ನಾ ಅದರಾಗೇ ಆರು ವಾರ ಕಳೆದೆ.)

ಈಗ ರಸ್ತೆ ವಿಷಯ.

ಸೈಕಲ್ಲಿಗೆ ಅಲ್ಲಿ ಕಾನೂನು ಬಿಗಿ ಐತಿ. ಗಾಡಿ ಹಿಂದಿನಿಂದ ಬಂದು ದಾಟಬೇಕಾದ್ರ ಸೈಕಲ್ಲಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಬಿಡಬೇಕು. ಜಾಗ ಇಲ್ಲಾಂದ್ರ ಹಿಂದೇ ಬರಬೇಕು. ಮೊದಲ ದಿನ ಒಂದು ತಿರುವಿನಾಗ ನನ್ನ ಹಿಂದೆ ಕಾರೊಂದು ಬಂದು ಸುಮ್ಮನೆ ಉಳೀತು. ಹಾರ್ನ್ ಇಲ್ಲ. ನನಗೇ ಗಾಬರಿ, ಇಳಿದು ಪಕ್ಕಕ್ಕೆ ನಿಂತೆ. ಅಳಿಯ ನಕ್ಕ, "ಇಳೀಬ್ಯಾಡ್ರಿ ಮಾಮಾರ, ಅವನು ಕಾಯ್ತಾನ." ಮೂವತ್ತೈದು ವರ್ಷ ಹಾರ್ನ್ ಕೇಳಿದಾಗೆಲ್ಲ ಜಾಲಿಗಿಡಕ್ಕೆ ಸೈಕಲ್ ಇಳಿಸಿದವನಿಗೆ ಅದು ರೂಢಿ ಆಗಾಕ ಒಂದು ವಾರ ಬೇಕಾತು. ಊರ ಹೊರಗೆ ಹೆಲ್ಮೆಟ್ ಕಡ್ಡಾಯ, ಅದೂ ನೆನಪಿರಲಿ.

ಆದ್ರ ನಿಜವಾದ ಸಂಗತಿ ಡಾಂಬರಿನ ಮೇಲೆ ಇಲ್ಲ, ಡಾಂಬರಿನಿಂದ ಪಕ್ಕಕ್ಕೆ ಹೊರಳೋ ಮಣ್ಣಿನ ದಾರಿಗಳಲ್ಲಿ ಐತಿ. ಹತ್ತು ಹೆಜ್ಜೆಗೊಂದು ತೋಟದ ದಾರಿ. ಒಂದು ಟ್ರ್ಯಾಕ್ಟರ್ ಆರಾಮ ಹೋಗೋವಷ್ಟು ಅಗಲ. ಗೇಟ್ ಇಲ್ಲ, ಮುಳ್ಳು ಇಲ್ಲ, 'ಪ್ರವೇಶವಿಲ್ಲ' ಅನ್ನೋ ಬೋರ್ಡಿಲ್ಲ. ನಾನು ಮೊದಲು ಹೆದರಿದೆ, ಯಾರದೋ ತೋಟದಾಗ ಹೊಕ್ಕಂಗ ಆದೀತು ಅಂತ. ಅದು ಯಾರದೂ ಅಲ್ಲ, ಊರಿನದು.

ಇದರ ಹಿಂದಿನ ಕಥೆ ದೊಡ್ಡದು. ಸ್ಪೇನ್‌ನಾಗೂ ನಮ್ಮಂಗ ಪಾಲಾಗಿ ಪಾಲಾಗಿ ಹೊಲ ಚೂರಾಗಿದ್ದವು. ಒಬ್ಬನದು ಅಲ್ಲೊಂದು ತುಂಡು, ಇಲ್ಲೊಂದು ತುಂಡು. 1952ರಲ್ಲಿ ಕಾನೂನು ಮಾಡಿ ಊರೂರಲ್ಲಿ ತುಂಡು ಕೂಡಿಸಿ ಹಂಚಿಕೊಡೋ ಕೆಲಸ ಶುರು ಮಾಡಿದರು. ಹಂಗೆ ಕೂಡಿಸಿದ ಕಡೆ ಪ್ರತಿ ಹೊಲಕ್ಕೂ ದಾರಿ ಮೊದಲು ಬಿಟ್ಟು ಆಮೇಲೆ ಹೊಲ ಅಳೆದರು. ಇನ್ನು ಅದಕ್ಕೂ ಹಳೇದು ಕುರಿ ದಾರಿ. ಅಲ್ಲಿನ ಕುರಿಗಾರರು ಬೇಸಿಗೆಗೆ ಗುಡ್ಡಕ್ಕೆ, ಚಳಿಗೆ ಬಯಲಿಗೆ ನೂರಾರು ಮೈಲಿ ಕುರಿ ಹೊಡಕೊಂಡು ಹೋಗೋರು. 1273ರಲ್ಲೇ ರಾಜನು ಅವರ ಸಂಘಕ್ಕೆ ಹಕ್ಕುಪತ್ರ ಕೊಟ್ಟಿದ್ದ. ದೊಡ್ಡ ಕುರಿದಾರಿಗೆ 'ಕಾನ್ಯಾದಾ' ಅಂತ ಹೆಸರು, ಅಗಲ ಎಪ್ಪತ್ತೈದು ಮೀಟರ್. ಎಪ್ಪತ್ತೈದು ಅಡಿ ಅಲ್ಲ, ಮೀಟರ್! ದೇಶದಾಗ ಒಟ್ಟು ಒಂದೂಕಾಲು ಲಕ್ಷ ಕಿಲೋಮೀಟರ್ ಇಂಥ ದಾರಿ ಅದಾವ ಅಂತ ಲೆಕ್ಕ. 1995ರ ಕಾನೂನು ಪ್ರಕಾರ ಅದನ್ನ ಮಾರಂಗಿಲ್ಲ, ಜಪ್ತಿ ಮಾಡಂಗಿಲ್ಲ, ಮತ್ತ ಎಷ್ಟು ವರ್ಷ ಉಳುಮೆ ಮಾಡಿದರೂ ಅದು ಉಳಿದವನದ್ದು ಆಗಂಗಿಲ್ಲ. ಅದೇ ಕಾನೂನಿನಾಗ, ಕುರಿಗೆ ಅಡ್ಡಿ ಆಗದಂಗ ಕಾಲ್ನಡಿಗೆಯವರು, ಕುದುರೆಯವರು, ಮೋಟಾರ್ ಇಲ್ಲದ ಗಾಡಿಯವರು ಹೋಗಬಹುದು ಅಂತ ಬರೆದಾರ. ಅಂದ್ರ ಸೈಕಲ್. ಈಗಲೂ ಮ್ಯಾಡ್ರಿಡ್ ಪಟ್ಟಣದ ನಟ್ಟನಡುವೆ ವರ್ಷಕ್ಕೊಮ್ಮೆ ಕುರಿ ಹಿಂಡು ಹೊಡಕೊಂಡು ಹೋಗ್ತಾರ, ದಾರಿ ನಮ್ಮದು ಅಂತ ನೆನಪು ಮಾಡಾಕ.

ಅಲ್ಲಿ ಯಾರೂ ಒತ್ತುವರಿ ಮಾಡಿಲ್ಲ ಅಂತಲ್ಲ. ಮನುಷ್ಯರೇ ಅಲ್ಲೂ ಇರೋದು, ಎಷ್ಟೋ ಕುರಿದಾರಿ ಉಳುಮೆಗೆ ಹೋಗ್ಯಾವ. ಆದ್ರ ಕಾಗದ ಗಟ್ಟಿ ಐತಿ, ಆ ಕಾಗದ ಎಲ್ಲರ ಫೋನಿನಾಗ ಐತಿ.

ರೈಲು ಹಳಿಯದೂ ಇದೇ ಕಥೆ. ಆರೊ ಅನ್ನೋ ಪಟ್ಟಣದಿಂದ ಎಸ್ಕರಾಯ್ ಅನ್ನೋ ಗುಡ್ಡದೂರಿಗೆ ಸಣ್ಣ ರೈಲು ಇತ್ತು, 1964ರಲ್ಲಿ ನಿಂತಿತು. ಹಳಿ ಕಿತ್ತ ಮೇಲೆ ಆ ಪಟ್ಟಿಯನ್ನ ಅಕ್ಕಪಕ್ಕದವರು ನುಂಗಲಿಲ್ಲ. ಈಗ ಅದು 'ವಿಯಾ ವೆರ್ದೆ', ಹಸಿರು ದಾರಿ. ಕಾಸಾಲರ್ರೇಯ್ನಾದಿಂದ ಎಸ್ಕರಾಯ್ ತನಕ ಹತ್ತಿರ ಹತ್ತಿರ ಇಪ್ಪತ್ತೆಂಟು ಕಿಲೋಮೀಟರ್, ರೈಲಿನ ಏರು ಆದ್ದರಿಂದ ಉಸಿರು ಹತ್ತೋದಿಲ್ಲ. ಓಹಾ ನದಿ ಪಕ್ಕ, ನಡುವೆ ಸಾಂತೊ ದೊಮಿಂಗೊ ಅನ್ನೋ ಯಾತ್ರೆಯ ಊರು. ದ್ರಾಕ್ಷಿ ಅಲ್ಲಿ ಕಡಿಮೆ; ಆಲೂಗಡ್ಡೆ, ಗೋಧಿ, ಜವೆ ಜಾಸ್ತಿ. ಇಂಥ ಹಸಿರು ದಾರಿ 1993ರಿಂದ ಮಾಡ್ತಾ ಬಂದಾರ, ದೇಶದಾಗ ಮೂರು ಸಾವಿರ ಕಿಲೋಮೀಟರ್ ದಾಟ್ಯಾವ.

ನಾಲ್ಕನೇ ವಾರ ಕೊಯ್ಲು ಶುರು ಆತು. ಅಷ್ಟೊತ್ತಿಗೆ ನಾನೊಬ್ಬನೇ ಬಸ್ಸಿನಾಗ ಲಾಗುವಾರ್ದಿಯಾಕ್ಕೆ ಬಂದು, ಬಾಡಿಗೆ ಸೈಕಲ್ ಹಿಡಿದು ತಿರುಗೋವಷ್ಟು ಧೈರ್ಯ ಬಂದಿತ್ತು. ಕೊಯ್ಲಿನ ದಿನ ರಸ್ತೆ ಮೇಲೆ ಟ್ರೇಲರ್‌ನಿಂದ ರಸ ಸೋರಿ ಜಾರ್ತದ, ತಿರುವಿನಲ್ಲಿ ಹುಷಾರ್. ಮತ್ತ ದಯವಿಟ್ಟು, ಸೈಕಲ್ ನಿಲ್ಲಿಸಿ ಒಂದು ಗೊನೆ ಕಿತ್ತು ತಿನ್ನಬ್ಯಾಡ್ರಿ. ಒಂದೇ ಗೊನೆ ಅಂತ ತೋಟಕ್ಕೆ ಹೊಕ್ಕವರಿಂದ ನಾವು ಪಡೋ ಪಾಡು ನಮಗೇ ಗೊತ್ತು.

ಆಬಾಲೋಸ್ ದಾಟಿ ಒಂದು ಮಣ್ಣಿನ ದಾರಿಗೆ ಹೊರಳಿದೆ. ಆ ಭಾಗದಾಗ ತೋಟದ ನಡುವೆ ಕಲ್ಲಿನ ಗುಮ್ಮಟದಂಥ ಸಣ್ಣ ಗುಡಿಸಲು ಅದಾವ, ಹಿಂದೆ ತೋಟ ಕಾಯೋರು ಕೂತಿರ್ತಿದ್ದರಂತ. ನಮ್ಮ ಜೋಳದ ಹೊಲದ ಅಟ್ಟಣಿಗೆ ಇದ್ದಂಗ, ಆದ್ರ ಕಲ್ಲಿನದು. ಅದರ ನೆರಳಿಗೆ ಒಬ್ಬ ಮುದುಕ ಕೂತು ಬ್ರೆಡ್ಡು ತಿಂತಿದ್ದ. ನಾನು ನಿಂತು ಗಿಡ ನೋಡೋದು ನೋಡಿ ಕೈ ಮಾಡಿದ. ಫೋನಿನಾಗ ಭಾಷೆ ತಿರುಗಿಸೋ ಆ್ಯಪ್ ಹಾಕಿ ಮಾತಾಡಿದ್ವಿ. ಅರ್ಧ ತಪ್ಪು ಬರ್ತಿತ್ತು. ನಾನು ಕೈ ತೋರಿಸಿದೆ, ಕತ್ತರಿ ಹಿಡಿದ ಬೆರಳಿನ ಗಂಟು. ಅವನೂ ತೋರಿಸಿದ. ಅದೇ ಬೆರಳು, ಅದೇ ಗಂಟು. ಅಲ್ಲಿಂದ ಮಾತು ಸರಾಗ ಆತು.

ಮಗ ಬಿಲ್ಬಾವೊದಾಗ ನೌಕರಿ, ತೋಟಕ್ಕೆ ಬರೋದಿಲ್ಲ ಅಂದ. ರೇಟು ಇಲ್ಲ ಅಂದ. ಉತ್ಪಾದನಾ ವೆಚ್ಚಕ್ಕಿಂತ ಕಡಿಮೆಗೆ ಕೊಳ್ಳಬಾರದು ಅಂತ ಅಲ್ಲಿ ಕಾನೂನೇ ಐತಿ, ಆದ್ರೂ ರೇಟು ಇಲ್ಲ ಅಂತಾರ. 2024ರ ಫೆಬ್ರುವರಿಯಲ್ಲಿ ಆ ಸೀಮೆಯ ರೈತರು ಟ್ರ್ಯಾಕ್ಟರ್ ತಗೊಂಡು ಲೋಗ್ರೋನ್ಯೊ ಪಟ್ಟಣದ ರಸ್ತೆ ತುಂಬಿದ್ದರು. ಸಂಜೆ ಆದ ಮೇಲೆ ಅಲ್ಲಿನ ಸಣ್ಣ ಊರಲ್ಲಿ ನೀವು ಸೈಕಲ್ ತುಳಿದರೆ ಅರ್ಧ ಮನೆಗೆ ಕಿಟಕಿ ಮುಚ್ಚಿರ್ತಾವ. ಅದನ್ನ ನೋಡಿ 'ಎಷ್ಟು ಶಾಂತ' ಅಂತ ಫೋಟೋ ಹಾಕೋರಿಗೆ ನಾನು ಹೇಳೋದು ಇಷ್ಟೇ: ಆ ಶಾಂತಿಯಾಗ ಅರ್ಧ ಪಾಲು ಕಾನೂನಿನದು, ಇನ್ನರ್ಧ ಊರು ಬಿಟ್ಟು ಹೋದವರದು. ಮೊದಲನೇ ಅರ್ಧ ನಮಗೆ ಬೇಕು. ಎರಡನೇದು ಆಗಲೇ ನಮ್ಮ ಬಾಗಿಲಿಗೆ ಬಂದು ನಿಂತೈತಿ, ನನ್ನ ಮನೆಯೇ ನೋಡ್ರಿ, ಮಗಳು ಅಲ್ಲಿ, ಮಗ ಪುಣೆಯಲ್ಲಿ.

ಹೊರಡುವಾಗ ಒಂದು ಮಾತು ಕೇಳಿದೆ. ಅವನ ಕೊನೇ ಸಾಲಿನ ಗಿಡಕ್ಕೂ ದಾರಿಗೂ ನಡುವೆ ಒಂದು ಮಾರು ಜಾಗ ಖಾಲಿ ಬಿಟ್ಟಿದ್ದ. ಯಾಕ ಅಂತ. ಟ್ರ್ಯಾಕ್ಟರ್ ತಿರುಗಬೇಕಲ್ಲ ಅಂದ. ದಾರಿ ಮ್ಯಾಲೇ ತಿರುಗಿಸಬಹುದಲ್ಲ, ಒಂದು ಸಾಲು ಹೆಚ್ಚು ಬರ್ತದ ಅಂದೆ. ಆ್ಯಪ್ ಅದನ್ನ ಹೆಂಗ ಹೇಳಿತೋ, ಅವನು ನನ್ನ ಮುಖ ನೋಡಿದ. ಬಗ್ಗಿ ಹುಲ್ಲು ಸರಿಸಿ ಗಡಿ ಕಲ್ಲು ತೋರಿಸಿ, ದಾರಿ ಕಡೆ ಬೆರಳು ಮಾಡಿ ಏನೋ ಅಂದ. ಫೋನ್ ತಿರುಗಿಸಿದ್ದು: "ಎಲ್ಲರದು."

ಆವತ್ತು ವಾಪಸ್ ತುಳಿಯೋವಾಗ ಗಾಳಿ ಎದುರಿತ್ತು, ಕಾಲು ಭಾರ. ಗಾಳಿಯಿಂದಲೇ ಭಾರ ಅಂತ ಹೇಳಿದರೆ ಸುಳ್ಳಾದೀತು.

ಯಾಕಂದ್ರ ನಮ್ಮ ಹೊಲದ ಬಗಲಿಗೆ ನಕಾಶೆ ಕಂಡ ಬಂಡಿದಾರಿ ಒಂದೈತಿ. ನಕಾಶೆಯಾಗ ಹದಿನಾರು ಅಡಿ. ಸ್ಥಳದ ಮ್ಯಾಲೆ ಏಳು. ಎದುರಿನ ಹೊಲದವರು ನಾಲ್ಕಡಿ ಒಳಗೆ ಬಂದಾರ. ಉಳಿದ ಐದಡಿ? ಎರಡಡಿ ನಮ್ಮಪ್ಪ ಬೇಲಿ ಸರಿಸಿದ್ದು, ಮೂರಡಿ ನಾನು ಸರಿಸಿದ್ದು. ತೋಟ ಹಾಕೋವಾಗ ಒಂದು ಸಾಲು ಹೆಚ್ಚು ಕೂರಲಿ ಅಂತ. ಅರವತ್ತು ಗಿಡ. ವರ್ಷಕ್ಕೆ ಒಂದೂವರೆ ಕ್ವಿಂಟಲ್ ಮಣೂಕ ಆ ಸಾಲಿಂದ ತಿಂದೀನಿ.

ಅದಕ್ಕೆ ಬೆಲೆ ಕೊಟ್ಟಾಕಿ ನಮ್ಮ ಹಿಂದಿನ ಹೊಲದ ಕಾಕು. ಕಾಕಾ ತೀರಿ ಆರು ವರ್ಷ. ಅವರ ಒಂದೂವರೆ ಎಕರೆಗೆ ಬೇರೆ ದಾರಿ ಇಲ್ಲ. ಟ್ರ್ಯಾಕ್ಟರ್ ಬಂದರೂ ತಿರುಗಂಗಿಲ್ಲ, ಹಂಗಾಗಿ ಕೊಯ್ದ ಕ್ರೇಟ್ ಎಲ್ಲ ಆಳಿನ ತಲೆ ಮ್ಯಾಲೆ ಡಾಂಬರಿನ ತನಕ, ಅದಕ್ಕೆ ಬೇರೆ ಕೂಲಿ. ಒಂದು ವರ್ಷ ಅಕಾಲ ಮಳೆ ಬಂದು ಹೊತ್ತು ಮುಗಿಯೋದ್ರೊಳಗ ಕಾಯಿ ಒಡೆದು ರಸ ಇಳೀತು. ಶೆಡ್ಡಿನ ತನಕ ಅರ್ಧ ಮಾಲೂ ಹೋಗಲಿಲ್ಲ. ಆಕಿ ಬಂದು ನನಗೆ ಒಂದು ಮಾತು ಅನಲಿಲ್ಲ. ಅಂದಿದ್ರ ನಾನು ಜಗಳಕ್ಕೆ ನಿಲ್ತಿದ್ದೆ, ಅದು ಆಕಿಗೂ ಗೊತ್ತಿತ್ತು.

ನಮ್ಮಲ್ಲಿ ಕಾನೂನು ಇಲ್ಲ ಅಂತ ಹೇಳಾಕ ಬರಂಗಿಲ್ಲ ನೋಡ್ರಿ. ನಕಾಶೆ ಐತಿ. ಫೋನಿನಾಗ ದಿಶಾಂಕ್ ಆ್ಯಪ್ ಐತಿ, ಹೊಲದಾಗ ನಿಂತು ತೆಗೆದರೆ ಸರ್ವೆ ನಂಬರು, ದಾರಿ ಎಲ್ಲ ಕಾಣ್ತದ. ಉದ್ಯೋಗ ಖಾತ್ರಿಯಾಗ ಗರಸು ಹಾಕಾಕ ಬಂದಾಗ ದಾರಿಗೆ ಅಗಲ ಇಲ್ಲ ಅಂತ ವಾಪಸ್ ಹೋದರು, ಅವತ್ತು ನಾನೇ ಪಂಚಾಯ್ತಿ ಮುಂದೆ ನಿಂತು 'ಸರ್ಕಾರ ಏನೂ ಮಾಡಂಗಿಲ್ಲ' ಅಂತ ಭಾಷಣ ಮಾಡೀನಿ. ಈ ಪೇಜಿನಾಗೂ ಬರೆದೀನಿ, ಹುಡುಕಿದ್ರ ಸಿಗ್ತದ. ಆ ಬರಹ ತೆಗೆದುಹಾಕಂಗಿಲ್ಲ, ಇರಲಿ.

ಕೆಲವರು ಅಂತಾರ, ಎಲ್ಲರೂ ಬಿಟ್ಟರೆ ನಾನೂ ಬಿಡ್ತೀನಿ ಅಂತ. ನಾನೂ ಹಂಗೇ ಅಂತಿದ್ದೆ. ಹಂಗ ಕಾಯ್ತಾ ಕೂತರೆ ಎದುರಿನವರ ನಾಲ್ಕಡಿ ನನ್ನ ಐದಡಿಯನ್ನ ಕಾಯ್ತದ, ನನ್ನ ಐದಡಿ ಅವರ ನಾಲ್ಕಡಿಯನ್ನ ಕಾಯ್ತದ, ಕಾಕು ಕ್ರೇಟ್ ಹೊರಸ್ತಾಳ.

ಈ ವರ್ಷ ಮಾಲು ಇಳಿದ ಮೇಲೆ ಹದ್ದುಬಸ್ತಿಗೆ ಅರ್ಜಿ ಕೊಟ್ಟೆ. ಸರ್ವೆಯವರು ಬಂದು ಸರಪಳಿ ಹಿಡಿದಾಗ ಕಲ್ಲು ಸಿಕ್ಕಿದ್ದು ನಮ್ಮ ಕೊನೇ ಸಾಲಿನ ಒಳಗಡೆ. ಅಪ್ಪನ ಕಾಲದ್ದು, ಮೇಲೆ ಮಣ್ಣು ಮುಚ್ಚಿತ್ತು. ಏಪ್ರಿಲ್ ಚಾಟ್ನಿಗೆ ಮೊದಲು ಅರವತ್ತೂ ಗಿಡ ಕಿತ್ತಿಸಿದೆ, ಆ್ಯಂಗಲ್ ಒಳಗೆ ಸರಿಸಿದೆ. ಕೀಳೋ ದಿನ ನಮ್ಮ ಮನಿಯಾಕಿ ಬದುವಿನ ಮ್ಯಾಲೆ ನಿಂತು, "ಸ್ಪೇನಿಗೆ ಕರಕೊಂಡು ಹೋಗಿದ್ದು ನಂದೇ ತಪ್ಪು" ಅಂದ್ಲು. ಮಧ್ಯಾಹ್ನ ಆಳುಗಳಿಗೆ ಊಟ ಮಾತ್ರ ಕಾಕುವಿನ ಮನೆಯಿಂದ ಬಂತು. ಎದುರಿನವರು ಇನ್ನೂ ನಾಲ್ಕಡಿ ಬಿಟ್ಟಿಲ್ಲ. ಈಗ ದಾರಿ ಹನ್ನೆರಡು ಅಡಿ, ಟ್ರ್ಯಾಕ್ಟರ್ ಹೋಗ್ತದ, ಒಂದು ಸಲ ಹಿಂದೆ ಮುಂದೆ ಮಾಡಿದರೆ ತಿರುಗ್ತದ.

ಫೋನ್ ಮಾಡಿದ ಹುಡುಗರಿಗೆ: ಸೆಪ್ಟೆಂಬರ್ ಕೊನೆಗೆ ಹೋಗ್ರಿ, ಬೆಳಿಗ್ಗೆ ಬೇಗ ಹೊರಡ್ರಿ, ಮಧ್ಯಾಹ್ನ ಅಲ್ಲಿ ಊರೂರೇ ಬಾಗಿಲು ಹಾಕ್ಕೊಂಡು ಮಲಗ್ತದ, ನೀರು ಮೊದಲೇ ತುಂಬಿಸ್ಕೊಳ್ರಿ. ಬಂದ ಮ್ಯಾಲೆ ಒಂದು ದಿನ ನಮ್ಮ ಕಡೆನೂ ಬರ್ರಿ. ಡಾಂಬರಿನಿಂದ ಕಾಕುವಿನ ಬಾವಿ ತನಕ ಒಂದು ಕಿಲೋಮೀಟರ್ ಚಿಲ್ಲರೆ, ಹಾರ್ನ್ ಇಲ್ಲ. ಜಾಲಿ ಮುಳ್ಳು ಅದಾವ, ಪಂಕ್ಚರ್ ಸಾಮಾನು ನೀವೇ ತರಬೇಕು.